ಕೈಯಚ್ಚಿನ ನಾಣ್ಯವನ್ನು ಕರಗಿಸಬೇಡಿ

ಈ ಲೇಖನವನ್ನು ಓದುವ ವಿದ್ಯಾರ್ಥಿಗಳು ಮೊದಲು ಒಂದು ರೂಪಾಯಿಯ ನಾಣ್ಯವೊಂದನ್ನು ಅಂಗೈಯಲ್ಲಿಟ್ಟುಕೊಂಡು, ಅದರ ಮೇಲಿರುವ ವರ್ಷದ ಕೆಳಗೆ ಕಣ್ಣಿಟ್ಟು ನೋಡಬೇಕು. ಅಲ್ಲಿ ಪುಟ್ಟ ನಕ್ಷತ್ರವಿದ್ದರೆ ಅದು ಹೈದರಾಬಾದಿನ ಟಂಕಸಾಲೆಯಲ್ಲಿ ಹುಟ್ಟಿದ ನಾಣ್ಯ, ವಜ್ರಾಕೃತಿಯಿದ್ದರೆ ಮುಂಬಯಿಯದು, ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಈ ಗುರುತನ್ನೂ ವರ್ಷವನ್ನೂ ಬಿಟ್ಟರೆ, ಒಂದೇ ಮಾದರಿಯ ಎರಡು ಹೊಸ ನಾಣ್ಯಗಳ ನಡುವೆ ಬರಿಗಣ್ಣಿಗೆ ಕಾಣುವ ಭೇದ ಯಾವುದೂ ಇರುವುದಿಲ್ಲ.

ಇಂಥ ನಾಣ್ಯವೊಂದು, ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ದಂಡೋತಿಯಲ್ಲಿ, ಸೇತುವೆಯ ಮೇಲೆ ನಿಂತ ಹುಡುಗನೊಬ್ಬನ ಕೈಜಾರಿ ಕಾಗಿಣಾ ನದಿಗೆ ಬಿದ್ದಿತೆಂದು ಭಾವಿಸೋಣ. ಹುಡುಗನಿಗೆ ಒಂದು ರೂಪಾಯಿ ನಷ್ಟವಾಯಿತು. ಲೋಕದ ತಿಳಿವಿಗೆ ಏನೂ ನಷ್ಟವಾಗಲಿಲ್ಲ. ಅದರ ಒಡಹುಟ್ಟುಗಳು ಲಕ್ಷಗಟ್ಟಲೆ ಅಂಗಡಿಗಳ ಗಲ್ಲಾಗಳಲ್ಲಿವೆ. ಇನ್ನು ಅದೇ ನದಿಯ ದಂಡೆಯ ಹೊಲವೊಂದರಲ್ಲಿ ಕಿಲುಬು ಹಿಡಿದ ತಾಮ್ರದ ಬಿಲ್ಲೆಯೊಂದು ನೇಗಿಲ ಮೊನೆಗೆ ತಗುಲಿ ಮೇಲೆ ಬಂದಿತೆಂದೂ, ಅದು ಹಳೆಯ ತಾಮ್ರದೊಡನೆ ಗುಜರಿಯ ತಕ್ಕಡಿಗೆ ಹೋಯಿತೆಂದೂ ಭಾವಿಸೋಣ. ಹೊಲದವನಿಗೆ ದೊರೆತದ್ದು ಕೆಲವು ರೂಪಾಯಿ. ಲೋಕದ ತಿಳಿವಿಗಾದ ನಷ್ಟವನ್ನು ಮಾತ್ರ ಇನ್ನಾರೂ ತುಂಬಿಕೊಡಲಾರರು. ಎರಡೂ ನಾಣ್ಯಗಳೇ, ಆದರೂ ನಷ್ಟ ಒಂದೇ ತೆರನಾದುದಲ್ಲ. ಹಳೆಯದು, ಹೊಸದು ಎಂಬ ವಯಸ್ಸಿನ ಭೇದ ಮಾತ್ರ ಇದಕ್ಕೆ ಕಾರಣವೆಂದು ತಿಳಿಯಬಾರದು. ಒಂದರ ಅಚ್ಚನ್ನು ಯಂತ್ರ ಕೊರೆಯಿತು, ಇನ್ನೊಂದರ ಅಚ್ಚನ್ನು ಕೈ ಕೊರೆಯಿತು ಎಂಬುದೇ ಮುಖ್ಯ ಕಾರಣ.

ಯಂತ್ರದಚ್ಚಿನ ನಾಣ್ಯ ಮುದ್ರಿತ ಪುಸ್ತಕದ ಒಂದು ಪ್ರತಿಯಂತೆ. ಕೈಯಚ್ಚಿನ ನಾಣ್ಯ ತಾಳೆಯೋಲೆಯ ಕಟ್ಟಿನ ಒಂದು ಗರಿಯಂತೆ. ಮುದ್ರಿತ ಪ್ರತಿ ಸುಟ್ಟುಹೋದರೆ ಇನ್ನೊಂದನ್ನು ಕೊಳ್ಳಬಹುದು; ಗರಿ ಸುಟ್ಟುಹೋದರೆ ಗ್ರಂಥದಲ್ಲಿ ಅಷ್ಟು ಭಾಗ ಇಲ್ಲವಾದಂತೆಯೇ. ಆದುದರಿಂದ ಕೈಯಚ್ಚಿನ ನಾಣ್ಯವನ್ನು ಲೋಹದ ಬೆಲೆಯಿಂದ ಅಳೆಯುವುದು ತಪ್ಪು. ಕರಗಿಸುವುದು ಅದಕ್ಕಿಂತ ದೊಡ್ಡ ತಪ್ಪು ಎಂಬುದು ಈ ಲೇಖಕನ ಅಭಿಪ್ರಾಯ. ಇದಕ್ಕೆ ಆಧಾರವೇನೆಂಬುದನ್ನು ಅಚ್ಚಿನ ಕೆಲಸದಿಂದಲೇ ಆರಂಭಿಸಿ ನೋಡೋಣ.

ನಾಣ್ಯದಲ್ಲಿ ಉಬ್ಬಿರುವುದೆಲ್ಲ ಅಚ್ಚಿನಲ್ಲಿ ತಗ್ಗಾಗಿರಬೇಕು. ನಾಣ್ಯದಲ್ಲಿ ಎಡಕ್ಕಿರುವುದೆಲ್ಲ ಅಚ್ಚಿನಲ್ಲಿ ಬಲಕ್ಕಿರಬೇಕು. ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ತಮ್ಮ ಹೆಸರನ್ನು ಬರೆಯಲು ಯತ್ನಿಸಿದವರಿಗೆ ಈ ಕೆಲಸದ ಕಷ್ಟ ತಿಳಿದೀತು. ಅಚ್ಚು ಕೊರೆಯುವವನು ಇದನ್ನು ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ, ಅದೂ ಲೋಹದಲ್ಲಿ, ಮಾಡಬೇಕಾಗಿತ್ತು. ಉಕ್ಕಿನ ಅಚ್ಚಾದರೆ ಮೊದಲು ತುಂಡನ್ನು ಕೆಂಪಗೆ ಕಾಸಿ ನಿಧಾನವಾಗಿ ಆರಲು ಬಿಡಬೇಕು. ಆಗ ಅದು ಮೆದುವಾಗಿ ಚಾಣದ ಮೊನೆಗೆ ಮಣಿಯುತ್ತದೆ. ಕೊರೆಯುತ್ತ ಕೊರೆಯುತ್ತ ಆಗಾಗ ಮೇಣವನ್ನು ಒತ್ತಿ ತೆಗೆದು, ನಾಣ್ಯದ ಮೇಲೆ ಚಿತ್ರ ಹೇಗೆ ಮೂಡುವುದೆಂದು ನೋಡಿಕೊಳ್ಳಬೇಕು. ಕೊರೆತ ಮುಗಿದ ಮೇಲೆ ಅಚ್ಚನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕಾಸಿ, ಥಟ್ಟನೆ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿದರೆ ಅದು ಬಹಳ ಗಡಸಾಗುತ್ತದೆ. ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಆ ಪೆಡಸನ್ನು ತಗ್ಗಿಸಲು ಇನ್ನೊಮ್ಮೆ 200 ಡಿಗ್ರಿಗಿಂತ ಸ್ವಲ್ಪ ಮೇಲಕ್ಕೆ, ಉಕ್ಕಿನ ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುವವರೆಗೆ, ಕಾಸಿ ಹದಗೊಳಿಸಬೇಕು. ಎಷ್ಟೋ ದಿನಗಳ ದುಡಿಮೆ ಈ ಒಂದು ಗಳಿಗೆಯಲ್ಲಿ ಬಿರುಕುಬಿಟ್ಟು ವ್ಯರ್ಥವಾಗುವುದೂ ಉಂಟು.

ಒಂದು ನಾಣ್ಯಕ್ಕೆ ಇಂಥ ಎರಡು ಅಚ್ಚುಗಳು ಬೇಕು. ಒಂದನ್ನು ಅಡಿಗಲ್ಲಿನಲ್ಲಿ ಅಲುಗದಂತೆ ನೆಟ್ಟು ನಿಲ್ಲಿಸುವರು. ಇದು ಕೆಳಗಿನ ಅಚ್ಚು. ತೂಕಮಾಡಿದ ಬಿಲ್ಲೆಯನ್ನು ಅದರ ಮೇಲಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು, ಸುತ್ತಿಗೆಯಿಂದ ಹೊಡೆಯುವರು. ಸುತ್ತಿಗೆಯ ಪೆಟ್ಟನ್ನು ನೇರವಾಗಿ ತಿನ್ನುವ ಮೇಲಿನ ಅಚ್ಚು ಬೇಗ ಸವೆಯುತ್ತದೆ, ಒಡೆಯುತ್ತದೆ; ಅಡಿಗಲ್ಲಿನ ಆಸರೆಯಿರುವ ಕೆಳಗಿನ ಅಚ್ಚು ಹೆಚ್ಚು ಕಾಲ ಬಾಳುತ್ತದೆ. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಒಡೆದ ಅಚ್ಚಿನ ಸ್ಥಾನಕ್ಕೆ ಹೊಸದೊಂದನ್ನು ಕೊರೆಯಲೇಬೇಕಷ್ಟೆ. ಅದೇ ಕುಶಲಿ ಅದೇ ಚಾಣದಿಂದ ಅದೇ ಚಿತ್ರವನ್ನು ಕೊರೆದರೂ ಎರಡನೆಯ ಅಚ್ಚು ಮೊದಲನೆಯದರಂತೆ ಇರಲಾರದು. ಟಿಪ್ಪು ಸುಲ್ತಾನನ ಕಾಲದ ತಾಮ್ರದ ನಾಣ್ಯಗಳನ್ನು ಸಾಲಾಗಿ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎಲ್ಲವುಗಳ ಮೇಲೂ ಆನೆಯೇ ಇದೆ. ಆದರೆ ಒಂದರ ಬಾಲ ಇಳಿಬಿದ್ದಿದೆ, ಇನ್ನೊಂದರದು ಎತ್ತಿದೆ; ಒಂದರ ಸೊಂಡಿಲಿನ ಬಾಗು ಇನ್ನೊಂದಕ್ಕಿಲ್ಲ; ಒಂದು ಎಡಕ್ಕೆ ನಡೆದರೆ ಇನ್ನೊಂದು ಬಲಕ್ಕೆ ನಡೆಯುತ್ತದೆ. ಇದಕ್ಕೂ ಹಿಂದೆ ಕದಂಬರ ಪದ್ಮಟಂಕಗಳಲ್ಲಿ ನಡುವಿನ ಕಮಲವನ್ನೂ ಸುತ್ತಲಿನ ಗುರುತುಗಳನ್ನೂ ಬೇರೆ ಬೇರೆ ಠಸ್ಸೆಗಳಿಂದ ಒಂದೊಂದಾಗಿ ಒತ್ತುತ್ತಿದ್ದರು. ಅಲ್ಲಿಯಂತೂ ಠಸ್ಸೆಗಳು ಬಿದ್ದ ಜಾಗ ಒಂದೊಂದು ನಾಣ್ಯದಲ್ಲಿಯೂ ಬೇರೆಯಾಗಿರುತ್ತದೆ.

ಇನ್ನೊಂದು ವಿಶೇಷವುಂಟು. ನಮ್ಮ ದೇಶದ ಕೈಯಚ್ಚಿನ ನಾಣ್ಯಗಳಲ್ಲಿ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುವುದು ಸಾಮಾನ್ಯ. ಆದ್ದರಿಂದ ಅಚ್ಚಿನ ಮೇಲಿದ್ದ ಬರಹದಲ್ಲಿ ಒಂದು ತುಣುಕು ಮಾತ್ರ ಬಿಲ್ಲೆಯ ಮೇಲೆ ಮೂಡುತ್ತದೆ. ಒಂದರಲ್ಲಿ ರಾಜನ ಹೆಸರಿನ ಅರ್ಧ, ಇನ್ನೊಂದರಲ್ಲಿ ಊರಿನ ಹೆಸರು, ಮತ್ತೊಂದರಲ್ಲಿ ವರ್ಷದ ಕೊನೆಯ ಅಂಕಿ ಸಿಕ್ಕೀತು. ಒಂದೇ ಅಚ್ಚಿನ ಅನೇಕ ನಾಣ್ಯಗಳನ್ನು ಒಟ್ಟಿಗೆ ಇಟ್ಟಾಗಲೇ ಪೂರ್ಣ ಬರಹವನ್ನು ಓದಲು ಸಾಧ್ಯ. ಅಚ್ಚುಗಳೇ ನಮಗೆ ದೊರೆಯುವುದು ತೀರ ಅಪರೂಪ. ನಾಣ್ಯವೇ ಅಚ್ಚಿನ ಏಕಮಾತ್ರ ಸಾಕ್ಷಿ.

ಇನ್ನು ಯಂತ್ರದ ಕ್ರಮಕ್ಕೆ ಬರೋಣ. ಒಮ್ಮೆ ಕೊರೆದು ಅನೇಕ ಬಾರಿ ನಕಲು ತೆಗೆಯುವುದು ಇದರ ಮೂಲತತ್ತ್ವ. ಚಿತ್ರವು ನಾಣ್ಯದಲ್ಲಿರುವಂತೆಯೇ ಉಬ್ಬಾಗಿರುವ ಒಂದು ಮೂಲ ಠಸ್ಸೆಯನ್ನು ಸಿದ್ಧಪಡಿಸಿ, ಗಡಸುಗೊಳಿಸಿ, ಮೆದು ಉಕ್ಕಿನೊಳಕ್ಕೆ ಬಲವಾಗಿ ಒತ್ತಿದರೆ ತಗ್ಗಿನ ಅಚ್ಚು ದೊರೆಯುತ್ತದೆ. ಇದು ತಾಯಚ್ಚು. ತಾಯಚ್ಚಿನಿಂದ ಮತ್ತೆ ಠಸ್ಸೆಗಳು, ಆ ಠಸ್ಸೆಗಳಿಂದ ಕೆಲಸದ ಅಚ್ಚುಗಳು, ಹೀಗೆ ಸಂತತಿ ಬೆಳೆಯುತ್ತದೆ. ಒಂದು ಅಚ್ಚು ಒಡೆದರೆ ಅದರ ತದ್ರೂಪವನ್ನು ಕೂಡಲೆ ಅದರ ಸ್ಥಾನದಲ್ಲಿಡಬಹುದು. ಬರ್ಮಿಂಗ್‌ಹ್ಯಾಮಿನ ಬಳಿ ಸೋಹೋದಲ್ಲಿ ಮ್ಯಾಥ್ಯೂ ಬೋಲ್ಟನ್ 1788ರಲ್ಲಿ ಸ್ಥಾಪಿಸಿದ ಟಂಕಸಾಲೆ ಈ ಕ್ರಮಕ್ಕೆ ಉಗಿಯ ಬಲವನ್ನು ಕೂಡಿಸಿತು.

ಮೂಲ ಠಸ್ಸೆಯನ್ನು ಕೊರೆಯುವ ಕೆಲಸವೂ ಕ್ರಮೇಣ ಯಂತ್ರದ ಪಾಲಿಗೆ ಬಂದಿತು. ಪ್ಯಾರಿಸಿನ ವಿಕ್ಟರ್ ಜಾನ್ವಿಯೇ 1899ರಲ್ಲಿ ಪೇಟೆಂಟು ಪಡೆದ ಕಿರಿದುಗೊಳಿಸುವ ಯಂತ್ರ ಇಪ್ಪತ್ತನೆಯ ಶತಮಾನದ ಟಂಕಸಾಲೆಗಳಲ್ಲಿ ಬಹಳ ಪ್ರಸಿದ್ಧವಾಯಿತು. ಅದರ ತತ್ತ್ವ ಸರಳ. ಒಂದು ತುದಿಯಲ್ಲಿ ಕೀಲಿಟ್ಟ ಉದ್ದನೆಯ ಸರಳನ್ನು ಊಹಿಸಿಕೊಳ್ಳಿ. ಕೀಲಿನಿಂದ ದೂರದಲ್ಲಿ ಒಂದು ಮೊಂಡು ಸೂಜಿ, ಹತ್ತಿರದಲ್ಲಿ ಒಂದು ಕೊರೆಯುವ ಮೊನೆ. ಶಿಲ್ಪಿ ತಟ್ಟೆಯಷ್ಟು ದೊಡ್ಡದಾಗಿ ಮಾಡಿದ ಮಾದರಿಯ ಮೇಲೆ ಸೂಜಿ ಹರಿದಾಡುತ್ತದೆ. ಅದು ಏರಿದಲ್ಲಿ ಮೊನೆಯೂ ಏರುತ್ತದೆ, ಇಳಿದಲ್ಲಿ ಮೊನೆಯೂ ಇಳಿಯುತ್ತದೆ. ಸೂಜಿಯ ದೂರವು ಮೊನೆಯ ದೂರದ ಎಂಟರಷ್ಟಿದ್ದರೆ, 200 ಮಿಲಿಮೀಟರಿನ ಮಾದರಿ 25 ಮಿಲಿಮೀಟರಿನ ಠಸ್ಸೆಯಾಗಿ ಉಕ್ಕಿನಲ್ಲಿ ಮೂಡುತ್ತದೆ. ಮಾದರಿಯೂ ಉಕ್ಕೂ ಒಂದೇ ವೇಗದಲ್ಲಿ ತಿರುಗುತ್ತಿರುವುದರಿಂದ, ಮೊನೆ ನಡುವಿನಿಂದ ಅಂಚಿನವರೆಗೆ ಒಂದೂ ಬಿಡದೆ ನಡೆದು ಬರುತ್ತದೆ. ಈಗ ಸೂಜಿಯ ಸ್ಥಾನದಲ್ಲಿ ಬೆಳಕಿನ ಕಿರಣವೂ, ಸರಳಿನ ಸ್ಥಾನದಲ್ಲಿ ಗಣಕಯಂತ್ರವೂ ಬಂದಿವೆ. ಚಿತ್ರವನ್ನು ಗಣಕದಲ್ಲಿಯೇ ರೂಪಿಸಿ, ಅದರ ಆಜ್ಞೆಯಂತೆ ನಡೆಯುವ ಕೊರೆಯುಳಿಯಿಂದಲೋ ಲೇಸರ್ ಕಿರಣದಿಂದಲೋ ಉಕ್ಕನ್ನು ಕೊರೆಯಬಹುದಾಗಿದೆ.

ಈ ಎರಡು ಕ್ರಮಗಳೂ ನಮ್ಮ ನಾಡಿನಲ್ಲಿ ಅಕ್ಕಪಕ್ಕದಲ್ಲಿಯೇ ನಡೆದ ಕಾಲವೊಂದಿತ್ತು. ಈಸ್ಟ್ ಇಂಡಿಯಾ ಕಂಪನಿ ಮದ್ರಾಸು ಪ್ರಾಂತಕ್ಕಾಗಿ 1803ರಲ್ಲಿಯೂ 1808ರಲ್ಲಿಯೂ ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳನ್ನು ಸೋಹೋದ ಯಂತ್ರಗಳಲ್ಲಿ ಟಂಕಿಸಿ ತರಿಸಿತು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಇಪ್ಪತ್ತು ಕಾಸಿನ ನಾಣ್ಯಗಳು ಕೈಯಚ್ಚಿನಿಂದಲೇ ಹೊರಬೀಳುತ್ತಿದ್ದವು. ಅವುಗಳ ಮೇಲೆ ಆನೆ ಅಥವಾ ಸಿಂಹದ ಚಿತ್ರ. ಬರಹದಲ್ಲಿ ಕನ್ನಡ, ಫಾರಸಿ, ಇಂಗ್ಲಿಷ್ ಮೂರೂ ಉಂಟು. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಗಿ, 1843ರಲ್ಲಿ ಮುಚ್ಚಿತು. ಹೆಸರೂ ಲೋಹವೂ ಒಂದೇ ಆದ ಎರಡು ನಾಣ್ಯಗಳು ನೆರೆಹೊರೆಯ ಸಂತೆಗಳಲ್ಲಿ ಓಡಾಡಿದವು. ಒಂದು ಯಂತ್ರದ್ದು, ಇನ್ನೊಂದು ಕೈಯದು.

ದಂಡೋತಿಯ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಗೆ ಸೇರಿತ್ತು. ಅಲ್ಲಿ ಈ ಬದಲಾವಣೆ ಇನ್ನೂ ತಡವಾಗಿ ನಡೆಯಿತು. ವಾಡಿಯಿಂದ ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ 1874ರಲ್ಲಿ ಉಗಿಬಂಡಿ ಓಡತೊಡಗಿದ ಮೇಲೂ, ಟಿಕೇಟು ಕೊಳ್ಳುವವನ ಕೈಯಲ್ಲಿದ್ದ ‘ಹಾಲಿ ಸಿಕ್ಕಾ’ ರೂಪಾಯಿ ಸುತ್ತಿಗೆಯಿಂದ ಹೊಡೆದದ್ದೇ ಆಗಿತ್ತು. ಆ ಶತಮಾನದ ಕೊನೆಯ ವರ್ಷಗಳಲ್ಲಿ ಯಂತ್ರದ ರೂಪಾಯಿ ಬಂದಾಗ ಅದಕ್ಕೆ ‘ಚರ್ಖಿ’ ಎಂಬ ಹೆಸರು ಬಿದ್ದಿತು. ಚರ್ಖಿಯೆಂದರೆ ತಿರುಗುವ ಚಕ್ರ. ರಾಜನ ಹೆಸರನ್ನು ಬಿಟ್ಟು ಯಂತ್ರದ ಹೆಸರಿನಿಂದಲೇ ನಾಣ್ಯವನ್ನು ಕರೆದರೆಂದರೆ, ಹೊಸತನ ಎಷ್ಟು ಕಣ್ಣಿಗೆ ಹೊಡೆದಿರಬೇಕು! ಮುಂದೆ 1903ರಲ್ಲಿ ಹೈದರಾಬಾದಿನ ಸೈಫಾಬಾದಿನಲ್ಲಿ ಹೊಸ ಟಂಕಸಾಲೆ ಏರ್ಪಟ್ಟು, ಚಾರ್‌ಮಿನಾರಿನ ಚಿತ್ರವುಳ್ಳ ನಾಣ್ಯಗಳು ಬಂದವು. ಆ ಚಿತ್ರದ ಬಾಗಿಲಿನೊಳಗೆ ಒಂದು ಪುಟ್ಟ ಅಕ್ಷರವುಂಟು: ಮಹಬೂಬ್ ಅಲಿ ಖಾನನ ಕಾಲದಲ್ಲಿ ‘ಮೀಮ್’, 1911ರಲ್ಲಿ ಉಸ್ಮಾನ್ ಅಲಿ ಖಾನನು ಪಟ್ಟಕ್ಕೆ ಬಂದ ಮೇಲೆ ‘ಐನ್’. ದೊರೆ ಬದಲಾದರೂ ಚಿತ್ರ ಅದೇ. ಬದಲಾದದ್ದು ಮುಖ್ಯವಾಗಿ ಒಂದು ಅಕ್ಷರ. ಈ ಟಂಕಸಾಲೆಯೇ 1950ರಲ್ಲಿ ಭಾರತ ಸರ್ಕಾರಕ್ಕೆ ಸೇರಿ, 1997ರಲ್ಲಿ ಚೆರ್ಲಪಲ್ಲಿಗೆ ಸ್ಥಳಾಂತರವಾಯಿತು. ವಾಚಕರು ಆರಂಭದಲ್ಲಿ ಹುಡುಕಿದ ನಕ್ಷತ್ರ ಇದರದೇ ಗುರುತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಕೈಯ ಕೆಲಸವೆಲ್ಲ ಕಲೆ, ಯಂತ್ರದ ಕೆಲಸವೆಲ್ಲ ಜಡ ಎಂದು ಹಳಹಳಿಸುವವರ ಪಕ್ಷ ಈ ಲೇಖಕನದಲ್ಲ. ಚಲಾವಣೆಯ ನಾಣ್ಯಕ್ಕೆ ಯಂತ್ರವೇ ಲೇಸು. ಕೈಯಚ್ಚಿನ ಕಾಲದಲ್ಲಿ ಹೈದರಾಬಾದಲ್ಲದೆ ನಾರಾಯಣಪೇಟೆ, ಗದ್ವಾಲ ಮೊದಲಾದ ಸಂಸ್ಥಾನಗಳ ರೂಪಾಯಿಗಳೂ ಓಡಾಡುತ್ತಿದ್ದವು. ಅಂಚು ಒಂದೇ ಸಮನಿಲ್ಲದ ಬಿಲ್ಲೆಯಿಂದ ಚೂರು ಬೆಳ್ಳಿಯನ್ನು ಕತ್ತರಿಸಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಜೋಳ ಮಾರಿ ಬಂದ ರೈತನು ತನ್ನ ಹಣ ಒಳ್ಳೆಯದೋ ಕೆಟ್ಟದೋ ಎಂಬುದನ್ನು ಚಿನಿವಾರನ ಬಾಯಿಂದಲೇ ಕೇಳಬೇಕಾಗಿತ್ತು. ಕೇಳಿದ್ದಕ್ಕೆ ವಟ್ಟವನ್ನೂ ತೆರಬೇಕಾಗಿತ್ತು. ಯಂತ್ರವು ಬಿಲ್ಲೆಯ ಸುತ್ತ ಉಕ್ಕಿನ ಬಳೆಯನ್ನು ತೊಡಿಸಿ, ಅಂಚಿಗೆ ಸಣ್ಣ ಗೀರುಗಳ ಸಾಲನ್ನು ಕೊಟ್ಟಿತು. ಗೀರು ಮಾಯವಾದರೆ ಕತ್ತರಿಸಿದವರ ಕಳ್ಳತನ ಬಯಲು. ಎಲ್ಲ ನಾಣ್ಯಗಳೂ ಒಂದೇ ತೆರನಾದಾಗ, ಬೇರೆಯಾದದ್ದನ್ನು ಗುರುತಿಸುವ ಶಕ್ತಿ ಓದುಬಾರದವನಿಗೂ ಬಂದಿತು. ಏಕರೂಪತೆಯೆಂಬುದು ಬಡವನಿಗೆ ದೊರೆತ ನ್ಯಾಯ.

ಹಾಗೆಂದು ಯಂತ್ರವು ಮನುಷ್ಯನ ಕಣ್ಣನ್ನು ಬೇಡವೆಂದಿಲ್ಲ. ಐದನೆಯ ಜಾರ್ಜನ 1911ರ ರೂಪಾಯಿ ಇದಕ್ಕೆ ಸಾಕ್ಷಿ. ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇತ್ತು. ಸೊಂಡಿಲು ಗಿಡ್ಡಾಗಿ, ಅದು ಹಂದಿಯಂತೆ ಕಂಡಿತು. ಜನರು ಅದನ್ನು ‘ಹಂದಿ ರೂಪಾಯಿ’ ಎಂದರು. ಮುಸಲ್ಮಾನರ ಮನಸ್ಸಿಗೆ ನೋವಾಯಿತು. ಸರ್ಕಾರ ಅದರ ಹಂಚಿಕೆಯನ್ನು ನಿಲ್ಲಿಸಿ, 1912ರಲ್ಲಿ ಆನೆಯನ್ನು ತಿದ್ದಿಸಿತು. ಕೈಯಚ್ಚಿನ ತಪ್ಪು ಆ ಒಂದು ಅಚ್ಚಿನೊಡನೆ ಮುಗಿಯುತ್ತದೆ. ಯಂತ್ರದ ತಪ್ಪು ಮೂಲ ಠಸ್ಸೆಯಿಂದ ಲಕ್ಷಾಂತರ ನಾಣ್ಯಗಳಿಗೆ ಇಳಿಯುತ್ತದೆ. ಆದ್ದರಿಂದ ಟಂಕಸಾಲೆಗೆ ಇಂದಿಗೂ ಒಳ್ಳೆಯ ಶಿಲ್ಪಿಯ ಕಣ್ಣು ಬೇಕು.

ಚಲಾವಣೆಗೆ ಯಾವುದು ಗುಣವೋ ಅದೇ ಚರಿತ್ರೆಯ ಸಾಕ್ಷ್ಯಕ್ಕೆ ಕೊರತೆಯಾಗಿದೆ. ಕಂಪನಿಯ ಹತ್ತು ಮತ್ತು ಇಪ್ಪತ್ತು ಕಾಸುಗಳನ್ನು ಹೊತ್ತು ಮದ್ರಾಸಿಗೆ ಹೊರಟಿದ್ದ ‘ಅಡ್ಮಿರಲ್ ಗಾರ್ಡನರ್’ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯ ಗುಡ್‌ವಿನ್ ಮರಳದಿಣ್ಣೆಗಳಲ್ಲಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಅದರಿಂದ ಲಕ್ಷಗಟ್ಟಲೆ ನಾಣ್ಯಗಳನ್ನು ಮೇಲೆತ್ತಿದರು. ಅಷ್ಟೊಂದು ನಾಣ್ಯಗಳು ತಮ್ಮ ಚಿತ್ರ, ಬರಹಗಳ ಬಗೆಗೆ ಹೇಳುವುದರಲ್ಲಿ ಬಹುಭಾಗವನ್ನು ಅವುಗಳಲ್ಲಿ ಒಂದೆರಡೇ ಹೇಳಬಲ್ಲವು. ಅದೇ ಮೈಸೂರಿನ ಇಪ್ಪತ್ತು ಕಾಸಿನ ಇನ್ನೂರು ನಾಣ್ಯಗಳ ಗಡಿಗೆಯೊಂದು ದೊರೆತಿತೆನ್ನಿ. ಇನ್ನೂರಕ್ಕೂ ತಮ್ಮದೇ ಮಾತುಂಟು.

ಆ ಮಾತನ್ನು ಕೇಳುವ ವಿಧಾನ ಹೀಗಿದೆ. ಕೆಳಗಿನ ಅಚ್ಚು ಹೆಚ್ಚು ಬಾಳುತ್ತದೆಂಬುದನ್ನು ವಾಚಕರು ನೆನಪಿಟ್ಟಿರಬೇಕು. ‘ಅ’ ಎಂಬ ಕೆಳಗಿನ ಅಚ್ಚಿನ ಮೇಲೆ 1, 2, 3 ಎಂಬ ಮೇಲಿನ ಅಚ್ಚುಗಳು ಒಂದಾದ ಮೇಲೊಂದು ದುಡಿದವು. ಮೂರನೆಯದು ಇನ್ನೂ ಗಟ್ಟಿಯಿರುವಾಗ ‘ಅ’ ಒಡೆಯಿತು; ‘ಆ’ ಅದರ ಸ್ಥಾನಕ್ಕೆ ಬಂದಿತು. ಆಗ ನಮಗೆ ಅ-1, ಅ-2, ಅ-3, ಆ-3, ಆ-4 ಎಂಬ ಜೋಡಿಗಳ ನಾಣ್ಯಗಳು ಸಿಕ್ಕುತ್ತವೆ. ಇವುಗಳನ್ನು ಕೊಂಡಿಗೆ ಕೊಂಡಿ ಸೇರಿಸಿದರೆ ಸರಪಣಿಯಾಗುತ್ತದೆ. ಅಚ್ಚಿನ ಬಿರುಕು ಬೆಳೆಯುತ್ತ ಹೋದುದನ್ನು ನೋಡಿ ಸರಪಣಿಯ ಮೊದಲು ಯಾವುದು, ಕೊನೆ ಯಾವುದು ಎಂಬುದನ್ನೂ ತಿಳಿಯಬಹುದು. ವರ್ಷವಿಲ್ಲದ ನಾಣ್ಯಗಳನ್ನು ಕಾಲಕ್ರಮಕ್ಕೆ ತರುವ ದಾರಿ ಇದು. ಅ-3 ಎಂಬ ಒಂದೇ ನಾಣ್ಯ ಕರಗಿಹೋದರೆ ಸರಪಣಿ ಅಲ್ಲಿಗೆ ತುಂಡಾಯಿತು.

ಇನ್ನೊಂದು ಲೆಕ್ಕವೂ ಉಂಟು. ಕೆರೆಯಲ್ಲಿ ಎಷ್ಟು ಮೀನುಗಳಿವೆಯೆಂದು ತಿಳಿಯಲು, ಕೆಲವನ್ನು ಹಿಡಿದು ಗುರುತು ಹಾಕಿ ಬಿಟ್ಟು, ಮತ್ತೆ ಬಲೆ ಬೀಸಿ, ಗುರುತಿನ ಮೀನುಗಳು ಎಷ್ಟು ಮರಳಿ ಬಂದವೆಂದು ಎಣಿಸುತ್ತಾರೆ. ನಾಣ್ಯಗಳಿಗೂ ಇದೇ ನ್ಯಾಯ. ದೊರೆತ ಹತ್ತು ನಾಣ್ಯಗಳು ಹತ್ತು ಬೇರೆ ಅಚ್ಚುಗಳಿಂದ ಬಂದಿದ್ದರೆ, ನಾವು ಕಾಣದ ಅಚ್ಚುಗಳು ಇನ್ನೂ ಬಹಳವಿದ್ದವೆಂದು ತಿಳಿಯಬೇಕು. ಹತ್ತೂ ಎರಡು ಮೂರು ಅಚ್ಚುಗಳಿಂದಲೇ ಬಂದಿದ್ದರೆ, ಇದ್ದ ಅಚ್ಚುಗಳನ್ನು ಬಹುಮಟ್ಟಿಗೆ ಕಂಡಂತಾಯಿತು. ಹೀಗೆ ಅಚ್ಚುಗಳ ಸಂಖ್ಯೆಯಿಂದ ಒಂದು ರಾಜ್ಯದ ಟಂಕಸಾಲೆ ಎಷ್ಟು ಬಿರುಸಾಗಿ ದುಡಿಯಿತೆಂಬುದನ್ನು ಸ್ಥೂಲವಾಗಿ ಅಂದಾಜು ಮಾಡಬಹುದಾಗಿದೆ. ಯಾವ ಕಡತವೂ ಉಳಿಯದ ರಾಜ್ಯದ ಆರ್ಥಿಕ ಚರಿತ್ರೆಗೆ ಇದು ಎಷ್ಟು ಬೆಲೆಯುಳ್ಳದ್ದು! ಒಂದೇ ಅಚ್ಚಿನ ನಾಣ್ಯಗಳನ್ನು ಗುಂಪುಗೂಡಿಸುವ ಈ ಬೇಸರದ ಕೆಲಸದಲ್ಲಿ ಈಗ ಗಣಕಯಂತ್ರಗಳು ಚಿತ್ರಗಳನ್ನು ಹೋಲಿಸಿ ನೆರವಾಗತೊಡಗಿವೆ. ಕೈಯ ಬರಹವನ್ನು ಓದಲು ಯಂತ್ರವೇ ಬಂದಿದೆ. ಆದರೆ ಓದಲು ನಾಣ್ಯ ಉಳಿದಿರಬೇಕಷ್ಟೆ.

ಈಗ ಕಾಗಿಣಾ ನದಿಯ ದಂಡೆಗೆ ಹಿಂದಿರುಗೋಣ. ದಂಡೋತಿಯಿಂದ ಬಹಳ ದೂರವಿಲ್ಲದ ಮಳಖೇಡವೂ ಇದೇ ನದಿಯ ದಂಡೆಯ ಮೇಲಿದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಸುಲೈಮಾನನೆಂಬ ವರ್ತಕನ ಹೆಸರಿನಲ್ಲಿರುವ 851ರ ಅರಬ್ಬೀ ವೃತ್ತಾಂತ ಇಲ್ಲಿಯ ದೊರೆಯನ್ನು ‘ಬಲ್ಹರಾ’ ಎಂದು ಕರೆದು, ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿ, ಅವನ ನಾಡಿನ ಬೆಳ್ಳಿಯ ನಾಣ್ಯಗಳ ಮಾತನ್ನೂ ಆಡುತ್ತದೆ. ರಾಷ್ಟ್ರಕೂಟರ ಶಾಸನಗಳಲ್ಲಿ ದ್ರಮ್ಮ, ಗದ್ಯಾಣ, ಸುವರ್ಣ ಮೊದಲಾದ ಹೆಸರುಗಳು ಬರುತ್ತವೆ. ಆದರೆ ಮಾನ್ಯಖೇಟದ ದೊರೆಗಳದೇ ಎಂದು ನಿಸ್ಸಂದೇಹವಾಗಿ ಹೇಳಬಹುದಾದ ನಾಣ್ಯಗಳು ಅತ್ಯಂತ ವಿರಳ. ಇಷ್ಟು ದೊಡ್ಡ ಸಾಮ್ರಾಜ್ಯ ಯಾವ ಹಣದಿಂದ ವ್ಯವಹರಿಸಿತೆಂಬುದು ಚರಿತ್ರಕಾರರಿಗೆ ಇಂದಿಗೂ ಬಿಡಿಸದ ಒಗಟು. ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ ಓಲೆಯಿಂದ ಓಲೆಗೆ ನಕಲು ಮಾಡಿದವರ ಕೃಪೆಯಿಂದ ನಮಗೆ ಉಳಿಯಿತು. ನಾಣ್ಯಗಳಿಗೆ ಅಂಥ ನಕಲುಗಾರರಿಲ್ಲ. ಉಳಿದದ್ದು ಉಳಿಯಿತು, ಕರಗಿದ್ದು ಹೋಯಿತು.

ಇದೇ ಸೀಮೆಯಲ್ಲಿ 1347ರಲ್ಲಿ ಬಹಮನಿ ರಾಜ್ಯ ತಲೆಯೆತ್ತಿತು. ಕಲಬುರಗಿ ಅಹಸನಾಬಾದೆಂಬ ಹೆಸರಿನಲ್ಲಿ ಅದರ ರಾಜಧಾನಿಯೂ ಟಂಕಸಾಲೆಯೂ ಆಯಿತು. ಆ ಹೆಸರು ಅಲ್ಲಿಯ ನಾಣ್ಯಗಳ ಮೇಲೆಯೇ ಉಂಟು. ಹೀಗೆ ಸಾವಿರ ವರ್ಷಗಳಿಗೂ ಮಿಕ್ಕಿ ಹಣ ಓಡಾಡಿದ ನೆಲವಿದು. ಇಂದು ಈ ನೆಲವನ್ನು ಎಲ್ಲೆಡೆಯೂ ಅಗೆಯಲಾಗುತ್ತಿದೆ: ಶಹಾಬಾದದ ಸುತ್ತ ಹಾಸುಗಲ್ಲಿಗಾಗಿ, ವಾಡಿ, ಸೇಡಂಗಳ ಸುತ್ತ ಸಿಮೆಂಟಿನ ಸುಣ್ಣಕಲ್ಲಿಗಾಗಿ, ಹಳ್ಳಿಹಳ್ಳಿಯಲ್ಲಿ ಮನೆಯ ಪಾಯಕ್ಕಾಗಿ. ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಮೇಲ್ಮಣ್ಣಿನೊಡನೆ ಮೇಲೆ ಬರುವ ಬಿಲ್ಲೆಯ ಗತಿಯೇನು?

ಇದಕ್ಕೆ ಆಕ್ಷೇಪವೊಂದನ್ನು ಎತ್ತಬಹುದು. “ವಸ್ತುಸಂಗ್ರಹಾಲಯಗಳಲ್ಲಿ ಇಂಥ ನಾಣ್ಯಗಳು ಬೇಕಾದಷ್ಟಿವೆ, ಇನ್ನೊಂದು ಹೋದರೇನು?” ಎಂದು. ಒಂದೇ ಮಾದರಿಯ ನಾಣ್ಯಗಳಿರಬಹುದು. ಒಂದೇ ಅಚ್ಚಿನವು ಇವೆಯೆಂದು ಹೋಲಿಸಿ ನೋಡದೆ ಹೇಳುವುದು ಹೇಗೆ? ಇನ್ನೊಂದು ಆಕ್ಷೇಪ ಹೆಚ್ಚು ತೂಕವುಳ್ಳದ್ದು. ಸಿಕ್ಕವನು ಬಡವ, ಬೆಳ್ಳಿಗೆ ಅಕ್ಕಸಾಲಿಗ ಕೂಡಲೆ ಹಣ ಕೊಡುತ್ತಾನೆ, ಕಚೇರಿಗೆ ಹೋದರೆ ಅಲೆದಾಟ, ಪೊಲೀಸರ ಭಯ. ಈ ಮಾತನ್ನು ಅಲ್ಲಗಳೆಯಲಾಗದು. ನೆಲದಲ್ಲಿ ಸಿಕ್ಕ ನಿಧಿಯ ಸಂಗತಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯಿದೆ ಭಾರತದಲ್ಲಿ 1878ರಲ್ಲಿಯೇ ಬಂದಿತು. ನಮ್ಮ ರಾಜ್ಯವೂ 1962ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. ಸರ್ಕಾರ ನಿಧಿಯನ್ನು ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯನ್ನೂ, ಅದರ ಮೇಲೆ ಐದನೆಯ ಒಂದು ಪಾಲನ್ನೂ ಕೊಡಬೇಕೆಂಬ ವಿವೇಕ 1878ರ ಕಾಯಿದೆಯಲ್ಲಿತ್ತು. ಪ್ರಾಮಾಣಿಕನಾಗಿ ತಂದೊಪ್ಪಿಸಿದವನಿಗೆ ಅಕ್ಕಸಾಲಿಗನು ಕೊಡುವುದಕ್ಕಿಂತ ಹೆಚ್ಚು ಹಣ, ಅಕ್ಕಸಾಲಿಗನಷ್ಟೇ ಬೇಗ, ದೊರೆಯುವಂತಾಗಬೇಕು. ಅದರೊಡನೆ ಅವನ ಹೆಸರು ಗೌರವದಿಂದ ದಾಖಲಾಗಬೇಕು. ಭಯದಿಂದ ನಾಣ್ಯಗಳು ಕುಲುಮೆಗೆ ಹೋಗುತ್ತವೆ. ಗೌರವದಿಂದ ಸಂಗ್ರಹಾಲಯಕ್ಕೆ ಬರುತ್ತವೆ.

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ. ವಿದ್ಯಾರ್ಥಿಗಳು ಮಾಡಬಹುದಾದುದೂ ಉಂಟು. ಊರಿನಲ್ಲಿ ಹಳೆಯ ನಾಣ್ಯ ಸಿಕ್ಕಿತೆಂದು ಕೇಳಿದರೆ, ಮೊದಲು ಅದನ್ನು ಹುಣಸೆಹಣ್ಣು, ಬೂದಿಗಳಿಂದ ಉಜ್ಜಲು ಬಿಡಬೇಡಿ. ಹೊಳಪು ಬರುವುದರೊಳಗೆ ಚಾಣದ ಗುರುತುಗಳು ಹೋಗಿರುತ್ತವೆ. ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆಗೆ ಸಿಕ್ಕಿತೆಂಬುದನ್ನು ಅಂದೇ ಬರೆದಿಡಿ. ಎರಡು ಮುಖಗಳ ಛಾಯಾಚಿತ್ರವನ್ನು, ಪಕ್ಕದಲ್ಲಿ ಅಳತೆಯ ಪಟ್ಟಿಯನ್ನಿಟ್ಟು, ತೆಗೆಯಿರಿ. ಗಡಿಗೆಯಲ್ಲಿ ಹಲವು ಸಿಕ್ಕಿದ್ದರೆ ನೆನಪಿಗೆಂದು ಹಂಚಿಕೊಳ್ಳಬಾರದು. ಗುಂಪು ಒಡೆದರೆ ಸರಪಣಿಯೂ ಒಡೆಯುತ್ತದೆ. ಬಳಿಕ ಶಾಲೆಯ ಉಪಾಧ್ಯಾಯರನ್ನೋ ಊರಿನ ಹಿರಿಯರನ್ನೋ ಮುಂದಿಟ್ಟುಕೊಂಡು ಜಿಲ್ಲಾಧಿಕಾರಿಗಳ ಕಚೇರಿಗೆ ತಿಳಿಸಿ. ನಿಧಿಯ ಆಸೆಯಿಂದ ಹಾಳುಗುಡಿಗಳ ನೆಲವನ್ನು ತಾವಾಗಿಯೇ ಅಗೆಯುವುದು ಅಪರಾಧವೂ ಹೌದು, ಅವಿವೇಕವೂ ಹೌದು.

ಯಂತ್ರವು ನಮಗೆ ನಂಬಬಹುದಾದ ಹಣವನ್ನು ಕೊಟ್ಟಿದೆ. ಅದಕ್ಕೆ ನಾವು ಕೃತಜ್ಞರಾಗಿರೋಣ. ಆದರೆ ಯಂತ್ರದ ನಾಣ್ಯಗಳ ನಡುವೆ ಬೆಳೆದ ನಮಗೆ, ಎಲ್ಲ ನಾಣ್ಯಗಳೂ ಒಂದೇ ಎಂಬ ಅಭ್ಯಾಸ ಕಣ್ಣಿಗೆ ಅಂಟಿಕೊಂಡಿದೆ. ಆ ಅಭ್ಯಾಸದಿಂದಲೇ ಹಳೆಯ ಬಿಲ್ಲೆಯನ್ನೂ ನೋಡಿ, “ಇಂಥವು ಎಷ್ಟೋ!” ಎಂದು ತಕ್ಕಡಿಗೆ ಹಾಕುತ್ತೇವೆ. ಇಂಥವು ಎಷ್ಟೋ ಇಲ್ಲ. ಯಾರೋ ಒಬ್ಬ ಕುಶಲಿ, ತನ್ನ ಹೆಸರನ್ನು ಎಲ್ಲಿಯೂ ಬರೆಯದೆ, ತಿರುವುಮುರುವಾದ ಅಕ್ಷರಗಳನ್ನು ಒಂದೊಂದಾಗಿ ಕೊರೆದನು. ಅವನ ಅಚ್ಚು ಒಡೆದುಹೋಗಿದೆ, ಅವನ ಟಂಕಸಾಲೆ ಮಣ್ಣಾಗಿದೆ. ಅವನು ದುಡಿದನೆಂಬುದಕ್ಕೆ ಉಳಿದಿರುವ ಸಾಕ್ಷಿ ದಂಡೋತಿಯ ರೈತನ ಅಂಗೈಯಲ್ಲಿರಬಹುದು. ಅದನ್ನು ಕುಲುಮೆಗೆ ಹಾಕುವ ಮುನ್ನ ಯಾರಾದರೊಬ್ಬ ವಿದ್ಯಾರ್ಥಿ ಪಕ್ಕದಲ್ಲಿ ನಿಂತು, “ಸ್ವಲ್ಪ ತಡೆಯಿರಿ, ನೋಡೋಣ” ಎಂದರೆ ಅಷ್ಟೇ ಸಾಕು.